ಎರಡನೆಯ ಸುತ್ತಿಗೆ

"ವೆಲ್ಡಿಂಗ್ ಮಿಷನ್ ಬಂತು, ಕುಲುಮೆ ಆರಿತು." ನಮ್ಮ ಮನೆಯಲ್ಲಿ ಈ ಕಥೆಯನ್ನು ಇಷ್ಟೇ ಚಿಕ್ಕದಾಗಿ ಹೇಳುತ್ತಾರೆ. ಅಬ್ಬ, ಅಂದರೆ ನನ್ನ ಅಪ್ಪ, ಹೇಳುವಾಗ ಅದರಲ್ಲಿ ಸ್ವಲ್ಪ ಹೆಮ್ಮೆ ಇರುತ್ತದೆ, ಚಾಚಾ, ಅಂದರೆ ಅಬ್ಬನ ತಮ್ಮ, ಹೇಳುವಾಗ ಸ್ವಲ್ಪ ನಿಟ್ಟುಸಿರು. ಕೇಳುವ ನೆಂಟರು ಇಬ್ಬರಿಗೂ ಒಂದೇ ಥರ ತಲೆಯಾಡಿಸಿ ಬಿರಿಯಾನಿಯ ಕಡೆ ಗಮನ ಕೊಡುತ್ತಾರೆ. ಕಥೆ ಚೆನ್ನಾಗಿಯೇ ಇದೆ. ಕಾಲ ಬದಲಾಯಿತು, ಹೊಸದು ಬಂತು, ಹಳೆಯದು ಹೋಯಿತು, ಯಾರದೂ ಏನೂ ಇಲ್ಲ. ನನ್ನ ತಕರಾರಿರುವುದು ಅಲ್ಲಿಯೇ. ಯಾರದೂ ಏನೂ ಇಲ್ಲದ ಕಥೆ ಕೇಳಿದರೆ ನನಗೆ ಮೊದಲಿನಿಂದಲೂ ಅನುಮಾನ.

ಸಾಕ್ಷ್ಯ ನೋಡಿ. ಅಬ್ಬನ ವೆಲ್ಡಿಂಗ್ ಮಿಷನ್ ಗುಬ್ಬಿಯ ನಮ್ಮ ಅಂಗಡಿಗೆ ಬಂದಾಗ ನಾನಿನ್ನೂ ಸ್ಲೇಟಿನ ಮೇಲೆ ಅ ಆ ತಿದ್ದುತ್ತಿದ್ದೆ. ಚಾಚಾನ ಕುಲುಮೆ ಆರಿದ್ದು ನಾನು ಪಿಯುಸಿಗೆ ಬಂದ ಮೇಲೆ. ಅಷ್ಟೂ ವರ್ಷ ಒಂದೇ ತಗಡಿನ ಸೂರಿನ ಕೆಳಗೆ ಎಡಕ್ಕೆ ನೀಲಿ ಬೆಂಕಿ, ಬಲಕ್ಕೆ ಕೆಂಪು ಬೆಂಕಿ, ಎರಡೂ ಉರಿದವು. ಕೊಲೆಗಾರ ಅಷ್ಟು ವರ್ಷ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ ಎಂದರೆ ಯಾವ ನ್ಯಾಯಾಧೀಶರು ಒಪ್ಪುತ್ತಾರೆ? ಅದರಲ್ಲೂ ತೊಂಬತ್ತರ ದಶಕದ ಗುಬ್ಬಿಯ ಕರೆಂಟು! ಮೂರು ಫೇಸೂ ಬರುವ ಹೊತ್ತಿಗೆ ಅಬ್ಬ ಊಟಕ್ಕೆ ಹೋಗಿರುತ್ತಿದ್ದರು. ಅಬ್ಬ ಬರುವ ಹೊತ್ತಿಗೆ ಕರೆಂಟು ಊಟಕ್ಕೆ ಹೋಗಿರುತ್ತಿತ್ತು. ಅಂಥ ಮಧ್ಯಾಹ್ನಗಳಲ್ಲಿ ಚಾಚಾ ಕುಲುಮೆಯ ಬೂದಿ ಕೆದಕುತ್ತಾ, "ಭಾಯಿ, ನಿಮ್ಮ ಮಿಷನ್‌ಗೂ ಒಂದ್ ಹಿಡಿ ಇದ್ದಿಲು ಹಾಕಿ ನೋಡೋಣ್ವಾ?" ಎಂದು ಕೇಳುತ್ತಿದ್ದರು. ಅಬ್ಬ ಪೇಪರಿನ ಹಿಂದಿನಿಂದ, "ನಿನ್ ಬಾಯಿಗೆ ಹಾಕ್ತೀನಿ ಬಾ," ಎನ್ನುತ್ತಿದ್ದರು.

ಮನೆಯಲ್ಲಿ ನಮ್ಮದು ಉರ್ದು. ಅಂಗಡಿಯಲ್ಲಿ ಮಾತ್ರ ಅಣ್ಣತಮ್ಮಂದಿರು ಜಗಳವನ್ನು ಕನ್ನಡದಲ್ಲೇ ಆಡುತ್ತಿದ್ದರು. ಗಿರಾಕಿಗಳಿಗೂ ಅರ್ಥವಾಗಬೇಕಲ್ಲ.

ಈಗ ಇದೆಲ್ಲ ಯಾಕೆ ನೆನಪಾಯಿತು ಎಂದರೆ ಒಂದು ಚಿಲಕ ಕಾರಣ. ತುಮಕೂರಿಗೆ ಕಾನೂನು ಓದಲು ಬಂದವಳು ನಾನು; ಗೆಳತಿಯ ಜೊತೆ ಬಾಡಿಗೆಗಿರುವ ಮನೆಯ ಗೇಟಿಗೆ ಒಂದು ಹಳೆಯ ಚಿಲಕವಿದೆ. ಅದರ ಸರಳನ್ನು ಹಗ್ಗ ಹೊಸೆದ ಹಾಗೆ ತಿರುಚಿದ್ದಾರೆ. ಮನೆಯ ಓನರ್ ಆಂಟಿ ಮೊನ್ನೆ ಅದನ್ನು ಸವರುತ್ತಾ, "ಎಲ್ಲಾ ಮಿಷನ್‌ನಲ್ಲಿ ಮಾಡಿರೋದಮ್ಮ, ಎಷ್ಟು ನೀಟಾಗಿದೆ ನೋಡು," ಎಂದರು. ನಾನು ಬಾಡಿಗೆದಾರಳು, ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನಿಂದ ಆಗಿದ್ದರೆ ನಾನು ಯಾಕೆ ಲಾ ಓದುತ್ತಿದ್ದೆ? ಚೌಕ ಸರಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಒಂದು ತುದಿಯನ್ನು ವೈಸಿನ ದವಡೆಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಸ್ಪ್ಯಾನರ್ ಹಾಕಿ ತಿರುವುತ್ತಾರೆ. ಬೆಂಕಿಯ ನಟ್ಟನಡುವೆ ಇದ್ದ ಭಾಗ ಹೆಚ್ಚು ಮೆತ್ತಗಾಗಿರುವುದರಿಂದ ಅಲ್ಲಿ ಸುರುಳಿ ಒತ್ತೊತ್ತಾಗಿ ಬರುತ್ತದೆ, ಅಂಚಿನಲ್ಲಿ ಸಡಿಲ. ಇಲ್ಲಿ ನೋಡಿ ಒತ್ತು, ಇಲ್ಲಿ ನೋಡಿ ಸಡಿಲ, ಆದ್ದರಿಂದ ಇದು ಕೈಕೆಲಸ ಎಂದು ಗೇಟಿನ ಬಳಿಯೇ ನಿಂತು ಸಾಧಿಸಿದೆ. ಆಂಟಿ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗ್ ಮಾತಾಡ್ತೀಯ. ಹಂಗೇ ನೀರಿನ ಮೋಟಾರ್ ಆಫ್ ಮಾಡ್ಬಿಡು," ಎಂದು ಒಳಗೆ ಹೋದರು.

ನನ್ನ ಗೆಲುವುಗಳೆಲ್ಲ ಸುಮಾರಾಗಿ ಇದೇ ಥರದವು. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಮೇಷ್ಟ್ರು ನನ್ನನ್ನು ಯಾವಾಗಲೂ ವಿರೋಧ ಪಕ್ಷಕ್ಕೆ ಹಾಕುತ್ತಿದ್ದರು. ವಿಷಯ ಏನೆಂದು ಆಮೇಲೆ ಹೇಳುತ್ತಿದ್ದರು. ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿಗಳಲ್ಲಿ ನಮ್ಮಮ್ಮಿ ಸಾಸಿವೆ, ಮೆಂತ್ಯ ತುಂಬಿಟ್ಟಿದ್ದಾರೆ. ಅಡುಗೆಮನೆಯ ಸಾಲು ನೋಡಿದರೆ ನನ್ನ ವಾದಗಳು ಒಗ್ಗರಣೆಗಾದರೂ ಬಂದವು ಎಂದು ಸಮಾಧಾನವಾಗುತ್ತದೆ.

ಇರಲಿ. ಅಂಗಡಿಯ ಬಗ್ಗೆ ಹೇಳಬೇಕು. ಸಂತೆ ಮೈದಾನದ ಹಿಂದಿನ ರಸ್ತೆಯಲ್ಲಿ ಅಂಗಡಿ, ಅದರ ಬೆನ್ನಿಗೆ ಮನೆ, ನಡುವೆ ಒಂದು ನುಗ್ಗೆ ಮರದ ಹಿತ್ತಲು. ಎಡಗಡೆ ಅಬ್ಬನ ಗೇಟು, ಕಿಟಕಿ ಗ್ರಿಲ್ಲುಗಳ ರಾಶಿ. ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡೆದ ದಿನ ಅಬ್ಬ ಎರಡೂ ಕಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಮಲಗುತ್ತಿದ್ದರು. ಆ ಆಲೂಗಡ್ಡೆಯನ್ನು ಮಾರನೆಯ ದಿನದ ಪಲ್ಯಕ್ಕೆ ಹಾಕುತ್ತಾರೆಂಬ ಗುಮಾನಿಯಿಂದ ನಾನು ವಾರಗಟ್ಟಲೆ ಪಲ್ಯ ಮುಟ್ಟಿರಲಿಲ್ಲ. ಬಲಗಡೆ ಚಾಚಾನ ಕುಲುಮೆ, ಕೈಯಲ್ಲಿ ತಿರುಗಿಸುವ ಬ್ಲೋಯರ್, ಮರದ ದಿಮ್ಮಿಯ ಮೇಲೆ ಕೂರಿಸಿದ ಅಡಿಗಲ್ಲು. ಹೆಸರಿಗೆ ಕಲ್ಲು, ಇರುವುದು ಕಬ್ಬಿಣ. ಬಡಿಯಬೇಕಾದ್ದನ್ನೆಲ್ಲ ಅದರ ಮೇಲಿಟ್ಟೇ ಬಡಿಯುವುದು. ಕಾದ ಕಬ್ಬಿಣಕ್ಕೆ ಏಟು ಬಿದ್ದಾಗ ಮೇಲಿನ ಸಿಪ್ಪೆ ಕಡಲೆಕಾಯಿ ಹೊಟ್ಟಿನ ಹಾಗೆ ಉದುರುತ್ತಿತ್ತು. ಕೆಟ್ಟ ರೇಡಿಯೋದ ಅಯಸ್ಕಾಂತವನ್ನು ಅದರ ಮೇಲೆ ಎಳೆದಾಡಿ ಮುಳ್ಳುಹಂದಿ ಮಾಡುವುದು ನನ್ನ ಬಾಲ್ಯದ ಮುಖ್ಯ ಉದ್ಯೋಗ.

ಚಾಚಾ ಕಬ್ಬಿಣದ ಕಾವನ್ನು ತರಕಾರಿ ಅಂಗಡಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಬದನೆಕಾಯಿ ಬಣ್ಣಕ್ಕಿದ್ದರೆ ಮುಟ್ಟಬೇಡ, ಬಡಿದರೆ ಬಿರುಕು. ಟೊಮೆಟೊ ಬಣ್ಣಕ್ಕೆ ಬಂದರೆ ಬಗ್ಗಿಸಬಹುದು. ಕಿತ್ತಳೆಗೆ ಬಂದರೆ ಬಡಿದು ಉದ್ದಕ್ಕೆ ಎಳೆಯಬಹುದು, ತುದಿಯನ್ನು ಕುಟ್ಟಿ ದಪ್ಪ ಮಾಡಬಹುದು, ಉಳಿಯಿಟ್ಟು ತೂತು ಹೊಡೆಯಬಹುದು. ಬೆಣ್ಣೆಯ ಬಣ್ಣಕ್ಕೆ ಬಂದರೆ ಒಂದಕ್ಕೊಂದು ಬೆಸೆಯಬಹುದು. ಬೆಣ್ಣೆ ದಾಟಿ ಸುರುಸುರು ಬತ್ತಿಯ ಹಾಗೆ ಕಿಡಿ ಹಾರಿತೋ, ಕಬ್ಬಿಣ ಸುಟ್ಟುಹೋಯಿತು, ಎಸೆದುಬಿಡು. ಈ ಬಣ್ಣಗಳು ಬಿಸಿಲಲ್ಲಿ ಸರಿಯಾಗಿ ಕಾಣುವುದಿಲ್ಲವೆಂದು ಕುಲುಮೆಯ ಮುಂದೆ ಗೋಣಿತಾಟಿನ ಪರದೆ ಇಳಿಬಿಟ್ಟಿದ್ದರು. ಬೀದಿಯವರು ಮಾತ್ರ ಆ ಪರದೆಗೆ ಬೇರೆ ಕಾರಣ ಕೊಡುತ್ತಿದ್ದರು: ಹೆಂಗಸು ಕಾಣಬಾರದೆಂದು ಕಟ್ಟಿದ್ದಾರೆ ಎಂದು. ನಾನು ಬಣ್ಣದ ವಾದವನ್ನು ಹಿಡಿದು ಬೀದಿಯವರ ಮೇಲೆ ಏರಿಹೋಗುತ್ತಿದ್ದೆ. ಕೊನೆಗೊಮ್ಮೆ ಚಾಚಾನನ್ನೇ ಕೇಳಿದೆ, ಯಾವುದು ನಿಜ ಎಂದು. "ಧೂಳಿಗೆ," ಎಂದರು.

ನೀರಿನ ವಿಷಯದಲ್ಲೂ ನಮಗೆ ಆಗುತ್ತಿರಲಿಲ್ಲ. ಕುಡುಗೋಲಿನ ಬಾಯಿ ಬಡಿದಾದ ಮೇಲೆ ಕಾಯಿಸಿ ಸುಂಯ್ ಎಂದು ನೀರಿಗೆ ಅದ್ದಿದರೆ ಅದು ಗಟ್ಟಿಯಾಗುತ್ತದೆ. ನೀರು ಕುಡಿಸುವುದು ಎನ್ನುತ್ತಾರೆ. ತನ್ನ ತೊಟ್ಟಿಯ ಹಳೆಯ ನೀರಿಗೇ ಆ ಗುಣವಿದೆ ಎಂಬುದು ಚಾಚಾನ ನಂಬಿಕೆ.

"ನೀರು ಬದಲಾಯಿಸಿ ನೋಡಿದೀರಾ ಚಾಚಾ?"

"ಯಾಕ್ ಬದಲಾಯಿಸ್ಬೇಕು?"

"ನೋಡ್ದೇ ಹೆಂಗ್ ಹೇಳ್ತೀರಾ, ಈ ನೀರಿನಿಂದಾನೇ ಅಂತ?"

"ನಿನ್ನೇ ಬದಲಾಯಿಸ್ತೀನಿ ಹೋಗು," ಎಂದು ಇಕ್ಕಳ ಎತ್ತುತ್ತಿದ್ದರು.

ಈವರೆಗೆ ಈ ಕಥೆಯಲ್ಲಿ ಒಬ್ಬರು ಬಂದೇ ಇಲ್ಲ, ಗಮನಿಸಿದಿರಾ? ನಮ್ಮ ಮನೆಯಲ್ಲೂ ಹೀಗೇ ಆಗುತ್ತದೆ. ಕುಲುಮೆಯ ಕೆಲಸಕ್ಕೆ ಎರಡು ಸುತ್ತಿಗೆ ಬೇಕು. ಒಂದು, ಎಡಗೈಯಲ್ಲಿ ಇಕ್ಕಳ ಹಿಡಿದವರ ಬಲಗೈಯ ಚಿಕ್ಕ ಸುತ್ತಿಗೆ. ಇನ್ನೊಂದು, ಎದುರಿಗೆ ನಿಂತು ಎರಡೂ ಕೈಯಲ್ಲಿ ಎತ್ತಿ ಬಡಿಯುವ ದೊಡ್ಡ ಸುತ್ತಿಗೆ, ಸಮ್ಮಟಿ. ಚಿಕ್ಕದು ಜಾಗ ತೋರಿಸುತ್ತದೆ, ದೊಡ್ಡದು ಕೆಲಸ ಮಾಡುತ್ತದೆ. ನಮ್ಮ ಅಂಗಡಿಯಲ್ಲಿ ಆ ಸಮ್ಮಟಿ ಹಿಡಿಯುತ್ತಿದ್ದವರು ಜುಬೇದಾ ಚಾಚಿ, ಚಾಚಾನ ಹೆಂಡತಿ.

ಚಾಚಿಯ ತವರು ಕುಣಿಗಲ್. ಅವರ ತಂದೆ ಸಂತೆಗಳಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದರು, ಕುದುರೆಗೂ ಕಟ್ಟುತ್ತಿದ್ದರು. ಕುದುರೆಯ ಲಾಳವನ್ನು ಅಡಿಗಲ್ಲಿನ ಕೊಂಬಿನ ಮೇಲೆ ಬಗ್ಗಿಸುವಾಗ ಎದುರಿನಿಂದ ಏಟು ಹಾಕುತ್ತಿದ್ದವರು ಈ ಮಗಳು. ಆದ್ದರಿಂದ ಚಾಚಿ ಮದುವೆಯಾಗಿ ಗುಬ್ಬಿಗೆ ಬರುವಾಗ ಸಮ್ಮಟಿಯ ಹದವೂ ಜೊತೆಗೇ ಬಂತು. "ಕುಣಿಗಲ್ ಕುದುರೆ ನೋಡೋಕೆ ಅಂತ ಬಂದು ಲಾಳ ಹೊಡೆಯೋಳನ್ನ ಕರ್ಕೊಂಡ್ ಹೋದ್ರು," ಎಂದು ಚಾಚಿ ನಗುತ್ತಿದ್ದರು. ಇವರ ನಗು ರಸ್ತೆಯ ಆಚೆಯ ಸೈಕಲ್ ಶಾಪಿಗೆ ಕೇಳಿಸುತ್ತಿತ್ತು. ಬಾಯಿ ಬಿಟ್ಟರೆ ಮಾತು, ಮಾತಿಗೊಂದು ಚುಚ್ಚು. ನಾನು ಬಹುಮಾನ ತಂದ ದಿನ, "ಬಾಯಿಗೆ ಬಹುಮಾನ ಕೊಡ್ತಾರಂತೆ, ಮುಚ್ಚಿದ್ರೆ ಇನ್ನೂ ದೊಡ್ಡದು ನಾನೇ ಕೊಡ್ತೀನಿ ಕಣೇ," ಎಂದಿದ್ದರು.

ಆದರೆ ಸೆರಗನ್ನು ಸೊಂಟಕ್ಕೆ ಬಿಗಿದು ಸಮ್ಮಟಿ ಎತ್ತಿದರೆಂದರೆ ಮಾತಿಲ್ಲ. ಅಲ್ಲಿ ಮಾತಾಡುವುದು ಚಿಕ್ಕ ಸುತ್ತಿಗೆ. ಕಾದ ಕಬ್ಬಿಣದ ಮೇಲೆ ಅದು ಎಲ್ಲಿ ಟಿಣ್ ಎನ್ನುತ್ತದೋ ಅಲ್ಲೇ ಸಮ್ಮಟಿ ಬೀಳಬೇಕು. ಟಿಣ್, ಧಡ್. ಟಿಣ್, ಧಡ್. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ. ಚಿಕ್ಕ ಸುತ್ತಿಗೆ ಕಬ್ಬಿಣ ಬಿಟ್ಟು ಅಡಿಗಲ್ಲಿನ ಅಂಚಿನ ಮೇಲೆ ಟಿಣಿಟಿಣಿ ಎಂದಿತೋ, ನಿಲ್ಲಿಸು ಎಂದರ್ಥ. ಚಾಚಿ ಹಿತ್ತಲಲ್ಲೋ ಅಡುಗೆಮನೆಯಲ್ಲೋ ಇದ್ದರೆ ಬರೀ ಅಡಿಗಲ್ಲಿನ ಮೇಲೆ ಬಿಟ್ಟುಬಿಟ್ಟು ತಟ್ಟುವುದು, ಬಾ ಎಂದರ್ಥ. ಗಂಡ ಹೆಂಡತಿ ಮಾತುಬಿಟ್ಟ ದಿನಗಳಲ್ಲೂ ಈ ಮಾತು ನಡೆಯುತ್ತಿತ್ತು. ಒಳಗೆ ಊಟಕ್ಕೆ ಬಡಿಸದೆ ಸಾಧಿಸುತ್ತಿದ್ದವರು ಇಲ್ಲಿ ಬಂದು ಸರಿಯಾಗಿ ಟಿಣ್ ಎಂದಲ್ಲೇ ಧಡ್ ಎನಿಸುತ್ತಿದ್ದರು. ನೋಡುತ್ತಾ ಕೂತರೆ, ಇವರದು ಜಗಳವೋ ಅಲ್ಲವೋ ತೀರ್ಮಾನಿಸುವುದು ಕಷ್ಟವಾಗುತ್ತಿತ್ತು.

ಚಾಚಾ ವಿನಯದ ಮನುಷ್ಯ ಎಂದು ಯಾರೂ ಆಪಾದಿಸಲಾರರು. ನೇಗಿಲ ಕುಳ ಬಡಿಸಲು, ಕುಡುಗೋಲು ಬಡಿಸಲು ಬಂದವರ ಮುಂದೆಲ್ಲ, "ಈ ಕಡೆ ಕಡಬ, ಆ ಕಡೆ ನಿಟ್ಟೂರು, ನಡುವೆ ಬೆಂಕಿ ಬೆಸುಗೆ ಹಾಕೋನು ನಾನೊಬ್ನೇ," ಎನ್ನುತ್ತಿದ್ದರು. ಹಿಂದೆ ಸಮ್ಮಟಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದ ಚಾಚಿ, "ಹೂಂ, ನಾನು ಇಲ್ಲಿ ನೊಣ ಹೊಡೆಯೋಕೆ ನಿಂತಿದೀನಿ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಚಾಚಾ ಕೂಡ.

ಇಷ್ಟರಲ್ಲಿ ತುಮಕೂರು ಬೆಳೆಯತೊಡಗಿತು. ಹೊಸ ಲೇಔಟು, ಹೊಸ ಮನೆ, ಮನೆಗೊಂದು ಗೇಟು, ಕಿಟಕಿಗೊಂದು ಗ್ರಿಲ್ಲು. ಅಬ್ಬನ ಕೆಲಸ ಅಂಗಡಿಯಲ್ಲಿ ಹಿಡಿಸದೆ ರಸ್ತೆಗೆ ಬಂತು. ಇತ್ತ ಹಳ್ಳಿಯವರ ಗಾಡಿಗಳಿಗೆ ರಬ್ಬರ್ ಟೈರು ಬಂದವು. ಕುಡುಗೋಲು ರೆಡಿಮೇಡ್ ಸಿಗತೊಡಗಿತು. ಅಬ್ಬ ಒಂದು ದಿನ ಊಟದ ಹೊತ್ತಿನಲ್ಲಿ ಶಾಂತವಾಗಿಯೇ ವಿಷಯ ಎತ್ತಿದರು. ಕುಲುಮೆ ತೆಗೆದರೆ ಅಲ್ಲಿ ಇನ್ನೊಂದು ಮಿಷನ್ ಇಡಬಹುದು, ತಮ್ಮನೂ ಗೇಟಿನ ಕೆಲಸಕ್ಕೆ ಸೇರಬಹುದು. ಚಾಚಾನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಕುಲುಮೆ ಎಂದರೆ ಅವರಿಗೆ ಅಂಗಡಿಯ ಅರ್ಧ ಭಾಗವಷ್ಟೇ ಆಗಿರಲಿಲ್ಲ. ಅಲ್ಲಿ ಅವರು ಮೇಸ್ತ್ರಿ. ಎಡಗಡೆಗೆ ಬಂದರೆ ಅಣ್ಣನ ಕೈಕೆಳಗಿನ ತಮ್ಮ.

"ಗಾಡಿ ಗಾಲಿಗೆ ಕಬ್ಬಿಣದ ಹಳಿ ಕಟ್ಟೋದು ನಿಮ್ಮ ಮಿಷನ್ ಕೈಲಿ ಆಗುತ್ತಾ ಭಾಯಿ?" ಎಂದರು.

"ಗಾಡಿ ಎಲ್ಲಿದಾವೆ? ಸರಿ, ಈ ಸುಗ್ಗಿ ಮುಗಿಯೋದ್ರೊಳಗೆ ಒಂದ್ ಹಳಿ ಬರ್ಲಿ. ಬೆಂಕೀಲೇ ಬೆಸೆದು ಕೊಡು. ಕುಲುಮೆ ಬಗ್ಗೆ ಮತ್ತೆ ಬಾಯಿ ಬಿಡಲ್ಲ."

ಮಾತು ಆಯಿತು. ಚಾಚಿ ಏನೂ ಹೇಳದೆ ಎಲ್ಲರಿಗೂ ಸಾರು ಬಡಿಸಿದರು. ಅವರು ಏನೂ ಹೇಳಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ದಿನಗಳ ಮೇಲೆ.

ಸುಗ್ಗಿಯ ಕೊನೆಗೆ ಸಿ.ಎಸ್. ಪುರದ ಕಡೆಯ ಗಂಗಣ್ಣ ಬಂದರು. ಹಳೆಯ ಗಿರಾಕಿ. ಮರದ ಗಾಲಿಯೊಂದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದರು, ಜೊತೆಗೆ ಬಾಯಿ ಬಿಟ್ಟ ಅದರ ಕಬ್ಬಿಣದ ಹಳಿ.

ಅಬ್ಬನೇ ಮುಂದೆ ಹೋದರು. "ಬಾ ಗಂಗಣ್ಣ. ಕರೆಂಟ್ ಐತೆ, ಒಂದ್ ಗಳಿಗೆ, ವೆಲ್ಡ್ ಹೊಡ್ಕೊಡ್ತೀನಿ."

"ಬ್ಯಾಡಿ ದೊಡ್‌ಸಾಬ್ರೆ. ಕರೆಂಟ್ ಬೆಸ್ಗೆ ಸವಾಸ ಸಾಕು. ನಿಟ್ಟೂರ್ ರೈಲ್ವೆ ಗೇಟ್ ತಾವ ಬಾಯ್ ಬುಟ್ಕಂತು. ಅತ್ಲಾಗೆ ರೈಲು, ಇತ್ಲಾಗೆ ಬಸ್ಸು, ಮಧ್ಯದಾಗೆ ನಾನು, ಕಾಯಿ ಮೂಟೆ. ಆ ಬಸ್ನೋರು ಬೈದಂಗೆ ನಮ್ಮಪ್ಪನೂ ಬೈದಿರ್ಲಿಲ್ಲ."

"ಅದು ನಾನ್ ಹೊಡೆದಿದ್ ವೆಲ್ಡಿಂಗಾ?"

"ನಿಮ್ದಲ್ಲ ಬುಡಿ. ಆದ್ರೆ ಕರೆಂಟ್ ಎಲ್ಲಾ ಕಡೆಗೂ ಒಂದೇ ಅಲ್ವಾ?"

ನಾನು ಗ್ರಿಲ್ಲುಗಳ ರಾಶಿಯ ಮೇಲೆ ಕೂತು ಮುಂದಿನ ವಾರದ ಸ್ಪರ್ಧೆಗೆ ತಯಾರಾಗುತ್ತಿದ್ದೆ. ಯಂತ್ರಗಳು ಮನುಷ್ಯನನ್ನು ಸೋಮಾರಿಯಾಗಿಸಿವೆ ಎಂಬ ವಿಷಯ, ನಾನು ಎಂದಿನಂತೆ ವಿರೋಧ. ತಡೆಯಲಾಗಲಿಲ್ಲ. "ಗಂಗಣ್ಣ, ಒಬ್ಬರ ವೆಲ್ಡಿಂಗ್ ಬಿಟ್ಟುಕೊಂಡರೆ ಎಲ್ಲರದೂ ಬಿಟ್ಟುಕೊಳ್ಳುತ್ತೆ ಅನ್ನೋಕೆ ಏನು ಆಧಾರ?"

"ಇದ್ಯಾರು ದೊಡ್‌ಸಾಬ್ರೆ, ಲಾಯರ್ರು?"

"ನನ್ ಮಗಳು."

"ಗಂಡು ನೋಡೋವಾಗ ಕಿವಿ ಗಟ್ಟಿಗಿರೋನ್ನ ನೋಡಿ," ಎಂದು ಗಂಗಣ್ಣ ಬೀಡಿ ಹಚ್ಚಿದರು. ಪರದೆಯ ಹಿಂದಿನಿಂದ ಚಾಚಿಯ ನಗು ಕೇಳಿಸಿತು.

ಚಾಚಾ ಆ ಬೆಳಗ್ಗೆ ಬೆಳೆದು ನಿಂತಿದ್ದರು. ಹಳಿಯ ಎರಡೂ ತುದಿಗಳನ್ನು ಮೊದಲು ಕಾಯಿಸಿ, ಕುಟ್ಟಿ ದಪ್ಪ ಮಾಡಿದರು. ಆಮೇಲೆ ಎರಡನ್ನೂ ಓರೆಯಾಗಿ ತೆಳ್ಳಗೆ ಬಡಿದರು, ಒಂದರ ಮೇಲೊಂದು ಒರಗಿ ಕೂರುವಂತೆ. ಅಲ್ಲಿಯವರೆಗೆ ಚಾಚಿಯ ಸಮ್ಮಟಿ ಎಂದಿನ ಹಾಗೇ ಬಿತ್ತು, ಟಿಣ್, ಧಡ್. ಇನ್ನು ಬೆಸುಗೆ. ಬಂಡಿಯ ಹಳಿ ಎಂದರೆ ಆಳೆತ್ತರದ ಬಳೆ. ಒಂದು ಬದಿ ಬೆಂಕಿಯಲ್ಲಿದ್ದರೆ ಇನ್ನೊಂದು ಬದಿಯನ್ನು ಯಾರಾದರೂ ಎತ್ತಿ ಹಿಡಿದಿರಬೇಕು. ಅಬ್ಬ ಎದ್ದು ಬಂದು ಹಿಡಿದರು. ತಮ್ಮ ಸೋತರೆ ಜಾಗ ಸಿಗುವುದು ಅವರಿಗೆ, ಆದರೂ ಹಿಡಿದರು; ಹಾಗೆ ಹಿಡಿಯುವಾಗ ಬೆಂಕಿಗೆ ಬೆನ್ನು ಹಾಕಬೇಕಾಯಿತು. ನಮ್ಮ ಕಡೆ ಗಿರಾಕಿಯೇ ಬ್ಲೋಯರ್ ತಿರುಗಿಸುವುದು ರೂಢಿ. ಗಂಗಣ್ಣ ತಿರುಗಿಸುತ್ತಾ ತಿರುಗಿಸುತ್ತಾ ಬೆವರಿ, "ವಸಿ ಗಾಳಿ ಆಡ್ಲಿ ಕಣ್ರೀ," ಎಂದು ಗೋಣಿತಾಟನ್ನು ಎತ್ತಿ ಮೊಳೆಗೆ ಸಿಕ್ಕಿಸಿಬಿಟ್ಟರು. ಬಿಸಿಲು ಸೀದಾ ಒಳಗೆ ಬಂತು. ಯಾರೂ ಬೇಡವೆನ್ನಲಿಲ್ಲ.

ಬೆಸುಗೆ ಚೆನ್ನಾಗಿ ಹಿಡಿಯಲೆಂದು ಚಾಚಾ ಕಾದ ತುದಿಗಳ ಮೇಲೆ ಮರಳು ಉದುರಿಸಿದರು. ಕಣ್ಣು ಕಿರಿದು ಮಾಡಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ "ಹಾಂ" ಎಂದವರೇ ಹಳಿಯನ್ನು ಎಳೆದು ಅಡಿಗಲ್ಲಿಗೆ ತಂದು, ಬೆಸುಗೆಯ ಜಾಗದ ಮೇಲೆ ಚಿಕ್ಕ ಸುತ್ತಿಗೆಯಿಂದ ತಟ್ಟಿದರು. ಟಿಣ್.

ಚಾಚಿ ಸಮ್ಮಟಿಯನ್ನು ಹೆಗಲಿನವರೆಗೆ ಎತ್ತಿದರು. ಅಲ್ಲಿಂದ ಅದನ್ನು ನಿಧಾನವಾಗಿ, ಕೊಡ ಇಳಿಸುವ ಹಾಗೆ, ನೆಲಕ್ಕಿಳಿಸಿದರು. ಹಿಡಿಯ ತುದಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತರು.

ಟಿಣ್, ಎಂದಿತು ಚಿಕ್ಕ ಸುತ್ತಿಗೆ. ಟಿಣ್. ಟಿಣ್. ಚಾಚಿ ಕಬ್ಬಿಣವನ್ನೇ ನೋಡುತ್ತಿದ್ದರು. ಬೆಸುಗೆಗೆ ಸಿಗುವುದು ಉಸಿರು ಬಿಗಿಹಿಡಿದಷ್ಟು ಹೊತ್ತು. ನಾನು ಕೂತಲ್ಲಿಂದ ನೋಡುತ್ತಿದ್ದ ಹಾಗೇ ಅದು ಕಿತ್ತಳೆಯಾಯಿತು, ಟೊಮೆಟೊ ಆಯಿತು. ಚಾಚಾ ತಲೆ ಎತ್ತಿ ಹೆಂಡತಿಯ ಮುಖ ನೋಡಿದರು. ಆಮೇಲೆ, 'ನಿಲ್ಲಿಸು' ಎಂಬ ಸನ್ನೆ ಇತ್ತಲ್ಲ, ಅಡಿಗಲ್ಲಿನ ಅಂಚಿನ ಮೇಲೆ ಟಿಣಿಟಿಣಿ ಎಂದು, ಅದನ್ನು ತಟ್ಟಿದರು. ಇಳಿಸಿಯಾಗಿದ್ದ ಸಮ್ಮಟಿಗೆ ನಿಲ್ಲಿಸು ಎಂದರು.

"ಯಾಕ್ ಚಿಕ್‌ಸಾಬ್ರೆ, ಏನಾಯ್ತು?" ಎಂದರು ಗಂಗಣ್ಣ.

"ಇದ್ದಿಲು ಸರಿಯಿಲ್ಲ ಗಂಗಣ್ಣ. ಹಸಿ ಇದ್ದಿಲು. ಬೆಸ್ಗೆ ಹಿಡಿಯಲ್ಲ."

"ಆಯ್ತೇನೋ?" ಎಂದರು ಅಬ್ಬ, ಇನ್ನೂ ಬೆನ್ನು ಹಾಕಿಯೇ.

"ಆಯ್ತು ಭಾಯಿ. ನಿಮ್ಮ ಕಡೆ ತಗೊಳ್ಳಿ."

ಅಬ್ಬ ಬೀಗಲಿಲ್ಲ. ಹಳಿಯನ್ನು ತೆಗೆದುಕೊಂಡು, ತುದಿಗಳನ್ನು ಉಜ್ಜಿ, ಕ್ಲಾಂಪು ಹಾಕಿ, ನಾನು ಕಂಡ ಹಾಗೆ ಅವರ ಜೀವಮಾನದ ಅತ್ಯಂತ ಎಚ್ಚರಿಕೆಯ ವೆಲ್ಡಿಂಗ್ ಹೊಡೆದರು. ಮೂರೂ ಫೇಸು ಅವತ್ತು ಕಿತ್ತುಕೊಳ್ಳದೆ ನಿಂತಿದ್ದವು. ಗಂಗಣ್ಣ ಗೊಣಗುತ್ತಲೇ ಒಪ್ಪಿದರು.

ಸಂಜೆಗೆ ಮುಂಚೆ ಹಿತ್ತಲಲ್ಲಿ ಹಳಿ ಕಟ್ಟಿದೆವು. ಬೆರಣಿ ಸುತ್ತ ಪೇರಿಸಿ ಬಳೆಯನ್ನು ಇಡಿಯಾಗಿ ಕಾಯಿಸುವುದು. ಕಾದ ಕಬ್ಬಿಣ ಹಿಗ್ಗುತ್ತದಲ್ಲ, ಆಗ ಎಲ್ಲರೂ ಇಕ್ಕಳ ಹಿಡಿದು ಎತ್ತಿ ಮರದ ಗಾಲಿಗೆ ತೊಡಿಸುವುದು. ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುವುದು. ಕುಗ್ಗುವ ಕಬ್ಬಿಣ ಗಾಲಿಯನ್ನು ಅಪ್ಪಿ ಹಿಂಡುವಾಗ ಮರ ಕಿರ್ ಎಂದು ಮುಲುಗುತ್ತದೆ. ಹೊಗೆ, ಹಬೆ, ಕೂಗಾಟ. ನೀರು ಹೊತ್ತವರು ಚಾಚಿ. ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ಓಡಿ ಬಂದು ಸುರಿದರು, ಮತ್ತೆ ಓಡಿದರು, ಅಡ್ಡ ಬಂದ ಗಂಗಣ್ಣನ ಕಾಲಿಗೂ ಸುರಿದು ಬಿದ್ದು ಬಿದ್ದು ನಕ್ಕರು. ಚಾಚಿಗೆ ಭುಜ ನೋಯುತ್ತಿತ್ತು, ಅದಕ್ಕೇ ಸಮ್ಮಟಿ ಹೊಡೆಯಲಿಲ್ಲ ಎಂದು ಅಮ್ಮಿ ಈಗಲೂ ಹೇಳುತ್ತಾರೆ. ಆ ಬಕೆಟ್ಟುಗಳನ್ನು ಅಮ್ಮಿ ನೋಡಿರಲಿಲ್ಲವೇ?

ಮಾರನೆಯ ಬೆಳಗ್ಗೆ ಚಾಚಾ ಎಲ್ಲರಿಗಿಂತ ಮೊದಲು ಎದ್ದು ಹೊಸ ಇದ್ದಿಲು ತಂದು ಕುಲುಮೆ ಹೊತ್ತಿಸಿದರು. ಯಾರ ಕೆಲಸವೂ ಇರಲಿಲ್ಲ. ಎರಡು ಹಳೆಯ ಪಟ್ಟಿ ತುಂಡು ಬೆಂಕಿಗಿಟ್ಟಿದ್ದರು. ಒಮ್ಮೆ ಬೆಸೆದು ಅಣ್ಣನಿಗೆ ತೋರಿಸಿಬಿಟ್ಟರೆ ಸಾಕು ಎಂದುಕೊಂಡಿರಬೇಕು. ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಾ ಸನ್ಮಾನ್ಯ ತೀರ್ಪುಗಾರರೇ ಎಂದು ನುಗ್ಗೆ ಮರಕ್ಕೆ ಹೇಳುತ್ತಿದ್ದೆ. ಅಂಗಡಿಯಿಂದ ಸದ್ದು ಬಂತು. ಬರೀ ಅಡಿಗಲ್ಲಿನ ಮೇಲೆ, ಬಿಟ್ಟುಬಿಟ್ಟು, ಬಾ ಎಂಬ ಸನ್ನೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಚಾಚಿ ಮಿಕ್ಸಿ ಹಾಕಿದರು. ಮಿಕ್ಸಿ ನಿಂತಿತು. ಅಡಿಗಲ್ಲಿನ ಸದ್ದು ಮತ್ತೆ ಬಂತು. ಮಿಕ್ಸಿ ಮತ್ತೆ ತಿರುಗಿತು. ಹೀಗೆ ಎಷ್ಟು ಹೊತ್ತು ನಡೆಯಿತೋ, ಚಟ್ನಿಗಂತೂ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಕೊನೆಗೆ ಅಂಗಡಿಯ ಕಡೆ ಸುಮ್ಮನಾಯಿತು.

ಕುಲುಮೆಯ ಜಾಗದಲ್ಲಿ ಎರಡನೆಯ ಮಿಷನ್ ಬಂದು ಕೂತಿತು. ಚಾಚಾ ಗೇಟು ಫಿಟ್ ಮಾಡಲು ತುಮಕೂರಿಗೆ ಓಡಾಡತೊಡಗಿದರು. ಗಂಗಣ್ಣನ ಹಳಿ ಗಟ್ಟಿಯಾಗಿಯೇ ಇತ್ತಂತೆ, ಅವರು ಗಾಡಿ ಮಾರುವವರೆಗೂ. ಹಾಗೆ ನೋಡಿದರೆ ಕಥೆ ಎಲ್ಲರಿಗೂ ಸುಖವಾಗಿ ಮುಗಿದಿದೆ.

ಆದರೆ ನಾನು ಹೋಗಿ ಬಂದು ಆ ಇಳಿದ ಸಮ್ಮಟಿಯ ಹತ್ತಿರವೇ ನಿಲ್ಲುತ್ತೇನೆ. ಬಹಳ ದಿನ, ಸಿಟ್ಟಿಗೆ ಇಳಿಸಿದರು ಎಂದುಕೊಂಡಿದ್ದೆ. ನಾನೊಬ್ನೇ, ನಾನೊಬ್ನೇ ಎಂದು ಕೇಳಿ ಕೇಳಿ ಸಾಕಾಗಿ, ಸರಿ, ಒಬ್ಬರೇ ಮಾಡಿಕೊಳ್ಳಿ ಎಂದಿರಬೇಕು. ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುವ ವಾದ. ಆದರೆ ಆ ಮಾತನ್ನು ಚಾಚಿ ಮದುವೆಯಾದಾಗಿನಿಂದ ಕೇಳುತ್ತಾ ನಗುತ್ತಿದ್ದವರು; ಸಿಟ್ಟು ಆ ಬೆಳಗ್ಗೆಯೇ ಯಾಕೆ ಬರಬೇಕು? ಆಮೇಲೆ ಗೋಣಿತಾಟು ನೆನಪಾಯಿತು. ಬಿಸಿಲು ಬಿದ್ದಿತ್ತಲ್ಲ. ಬಿಸಿಲಲ್ಲಿ ಚಾಚಾ ಬಣ್ಣ ತಪ್ಪಿ ನೋಡಿರಬಹುದು. ಹದ ತಪ್ಪಿದ ಕಬ್ಬಿಣವನ್ನು ಬಡಿದರೆ ಮೇಲ್ನೋಟಕ್ಕೆ ಕೂಡಿಕೊಂಡ ಹಾಗೆ ಕಾಣುತ್ತದೆ, ಒಳಗೆ ಕೂಡಿರುವುದಿಲ್ಲ. ಗಂಗಣ್ಣ ಇನ್ನೊಮ್ಮೆ ರೈಲಿಗೂ ಬಸ್ಸಿಗೂ ನಡುವೆ ನಿಲ್ಲಬೇಕಾಗುತ್ತಿತ್ತು. ಅದನ್ನು ಚಾಚಿ ಕಂಡಿರಬಹುದು. ಗಿರಾಕಿಯ ಎದುರು, ಭಾವನ ಎದುರು, ನೀವು ಬಣ್ಣ ತಪ್ಪಿದಿರಿ ಎಂದು ಗಂಡನಿಗೆ ಹೇಳುವ ಬದಲು ಸುಮ್ಮನೆ ಸಮ್ಮಟಿ ಇಳಿಸಿರಬಹುದು. ಚಾಚಾ ಅದನ್ನು ಅರ್ಥಮಾಡಿಕೊಂಡೇ ನಿಲ್ಲಿಸು ಎಂದು ತಟ್ಟಿರಬಹುದು. ಈ ವಾದ ನನಗೆ ಬಹಳ ಇಷ್ಟ. ಇದರಲ್ಲಿ ಇಬ್ಬರೂ ಒಳ್ಳೆಯವರು. ಕಷ್ಟವೇನೆಂದರೆ, ಇದು ಮೊದಲ ದಿನಕ್ಕೆ ಮಾತ್ರ ಸಾಲುತ್ತದೆ. ಮಾರನೆಯ ದಿನ ಬಿಸಿಲಿರಲಿಲ್ಲ, ಗಂಗಣ್ಣ ಇರಲಿಲ್ಲ, ಪರದೆ ಇಳಿದಿತ್ತು, ಇದ್ದಿಲು ಹೊಸದು. ಚಾಚಿಗೂ ಕುಲುಮೆ ಸಾಕಾಗಿತ್ತೇ? ಬಾಯಿಬಿಟ್ಟು ಬೇಡವೆನ್ನಲಾಗದ್ದನ್ನು, ಬೇರೆ ನೆಪ ಸಿಕ್ಕಿದ ದಿನ ಕೆಳಗಿಳಿಸಿದರೇ? ಅಷ್ಟು ವರ್ಷದ ಟಿಣ್ ಧಡ್‌ನಲ್ಲಿ ಅವರಿಗೆ ಏನೂ ಬೇಕಾಗಿರಲಿಲ್ಲವೇ? ವಿರೋಧ ಪಕ್ಷದವಳಿಗೆ ಇಲ್ಲಿ ಎದುರು ವಾದಿಸಲು ಯಾರೂ ಸಿಗುವುದಿಲ್ಲ.

ಹೋದ ರಂಜಾನ್ ಹಬ್ಬಕ್ಕೆ ಗುಬ್ಬಿಗೆ ಹೋಗಿದ್ದೆ. ಹೊರಗೆ ಚಾಚಾ ಹೊಸ ನೆಂಟರೊಬ್ಬರಿಗೆ, "ವೆಲ್ಡಿಂಗ್ ಮಿಷನ್ ಬಂತು, ಕುಲುಮೆ ಆರಿತು," ಎನ್ನುತ್ತಿದ್ದರು. ನಾನು ಅಡುಗೆಮನೆಗೆ ಹೋದೆ. ಚಾಚಿ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದರು.

"ಚಾಚಿ, ಹೊರಗಡೆ ಹೇಳ್ತಿರೋದು ನಿಜಾನಾ?"

"ಹೇಳ್ಕೊಳ್ಲಿ ಬಿಡೇ. ಚೆನ್ನಾಗ್ ಹೇಳ್ತಾರೆ."

"ನಾನ್ ನೋಡಿದೀನಿ. ನೀವು ಮೊದ್ಲು ಇಳಿಸಿದ್ರಿ, ಅವರು ಆಮೇಲೆ ತಟ್ಟಿದ್ರು."

"ಲಾ ಓದೋಕ್ ಕಳ್ಸಿದ್ರೆ ನಮ್ ಮನೆ ಮೇಲೇ ಕೇಸ್ ಹಾಕ್ತೀಯಾ? ಗೋಡಂಬಿ ಸೀದ್ ಹೋಗುತ್ತೆ, ಆ ತಟ್ಟೆ ಕೊಡು."

ತಟ್ಟೆ ಕೊಟ್ಟೆ. ಬಿಸಿಲಿನ ಮಾತು ಎತ್ತಿದೆ; "ಬಿಸಿಲು ದಿನಾ ಇರುತ್ತೆ," ಎಂದರು. ನಾನೊಬ್ನೇ ಎನ್ನುವ ಮಾತು ಎತ್ತಿದೆ. ನಕ್ಕರು, ಆ ನಗು ಪಕ್ಕದ ಮನೆಗೆ ಕೇಳಿಸಿರಬೇಕು. ಎಲ್ಲಕ್ಕೂ ಅವರ ಹತ್ತಿರ ಏನಾದರೊಂದು ಮಾತಿತ್ತು. ಹಾಗಾಗಿ ವಾದವನ್ನೆಲ್ಲ ಪಕ್ಕಕ್ಕಿಟ್ಟು, ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಬಿಟ್ಟೆ. ಶಾವಿಗೆ ಕೈಯಾಡಿಸುತ್ತಿದ್ದ ಸೌಟು ಬಾಣಲೆಯಲ್ಲಿ ನಿಂತಿತು. ನಾನು ಕೇಳಿದ್ದು ಇಷ್ಟೇ:

"ಮಾರನೇ ದಿನ ಬೆಳಗ್ಗೆ ಚಾಚಾ ಬರೀ ಅಡಿಗಲ್ಲು ತಟ್ತಾ ಇದ್ರಲ್ಲ ಚಾಚಿ, ನಿಮಗೆ ಕೇಳಿಸ್ತಾ ಇತ್ತು ತಾನೇ?"